ಹತ್ತಕ್ಕ ಕೊಟ್ಟ ಮೂವತ್ತು ದಿನದ ನೋಟಿಸು

ಆ ಶೆಡ್ಡಿನಲ್ಲಿ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಬಾಯಲ್ಲಿ ಓಡಾಡುತ್ತಿದ್ದ ಹೆಸರೇ ಬೇರೆ. ತಗಡು ಕತ್ತರಿಸುವವನು ಒಂಬತ್ತು. ಬಾಗಿಲ ಹತ್ತಿರದ ಪ್ರೆಸ್ಸಿನವನು ಏಳು. ಅವನ ಪಕ್ಕದವನಿಗೆ ಒಂದು ಬೆರಳು ಅರ್ಧಕ್ಕೇ ನಿಂತಿದ್ದರಿಂದ ಆರೂವರೆ. ಯಾರ ಕೈಯಲ್ಲಿ ಎಷ್ಟು ಬೆರಳು ಉಳಿದಿದೆಯೋ ಅದೇ ಅವರ ಹೆಸರು. ಹೆಸರು ಬದಲಾದ ದಿನ ಶೆಡ್ಡಿನ ನೆಲ ತೊಳೆಯಬೇಕಾಗುತ್ತಿತ್ತು. ಕೇಳಿ ನಿಮಗೆ ಹೇಸಿಗೆಯಾದರೆ ಆಗಲಿ. ಅವರಿಗಂತೂ ನಗು ಬರುತ್ತಿತ್ತು, ಹಾಗೆ ನಕ್ಕೇ ಮರುದಿನ ಕೆಲಸಕ್ಕೆ ಬರುತ್ತಿದ್ದರು.

ಮೂರನೇ ನಂಬರಿನ ಪ್ರೆಸ್ಸಿನ ಮುಂದೆ ಇಪ್ಪತ್ತೆರಡು ವರ್ಷ ಕೂತ ಹೆಂಗಸಿಗೆ ಹತ್ತಕ್ಕ ಅನ್ನುತ್ತಿದ್ದರು. ಪ್ರೆಸ್ಸಿನ ಮುಂದೆ ಕೂರುವವರಲ್ಲಿ ಹತ್ತಕ್ಕೆ ಹತ್ತೂ ಉಳಿಸಿಕೊಂಡವಳು ಅವಳೊಬ್ಬಳೇ. ಗಿಡ್ಡ ಆಳು, ಗಟ್ಟಿ ಮೈ, ಮೂಗಿನ ತುದಿಯಲ್ಲೇ ಕೋಪ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೊರಟುಹೋಗಿದ್ದ. "ಹೋಗೋದಕ್ಕೆ ನನ್ನ ತಕರಾರಿಲ್ಲ. ಮುಂಚೆ ಹೇಳಿದ್ರೆ ಅವತ್ತು ಅವನಿಗೂ ಸೇರಿಸಿ ಅಡುಗೆ ಮಾಡ್ತಿರ್ಲಿಲ್ಲ" ಎಂದು ಅವಳು ಆಗಾಗ ಅನ್ನುವುದಿತ್ತು. ಅದು ತಮಾಷೆಯೆಂದು ಉಳಿದವರು ಅಂದುಕೊಂಡಿದ್ದರು.

ಡಬ್ಬಿಗಳಿಗೆ ಮುಚ್ಚಳ ಒತ್ತುವ ಯಂತ್ರ ಅದು. ತಗಡಿನ ತುಂಡನ್ನು ಅಚ್ಚಿನ ಮೇಲಿಡಬೇಕು, ಕೈ ಹಿಂದಕ್ಕೆ ತೆಗೆಯಬೇಕು, ಪೆಡಲ್ ತುಳಿಯಬೇಕು. ಮೇಲಿನಿಂದ ಕಬ್ಬಿಣದ ದಿಮ್ಮಿ ಧೊಪ್ಪನೆ ಬಿದ್ದು ಮತ್ತೆ ಮೇಲೇಳುತ್ತದೆ. ಕೈ ಹಾಕಿ ಮುಚ್ಚಳ ತೆಗೆಯಬೇಕು, ಹೊಸ ತಗಡು ಇಡಬೇಕು. ದಿನಕ್ಕೆ ನಾಲ್ಕು ಸಾವಿರ ಸಲ. ಒಂದು ತುಳಿತಕ್ಕೆ ಒಂದೇ ಪೆಟ್ಟು ಎಂಬುದು ಯಂತ್ರ ಮಾಡಿದವರ ನಿಯಮ. ಆದರೆ ಮೂರನೇ ನಂಬರಿನ ಕ್ಲಚ್ಚಿನೊಳಗೆ ಒಂದು ಕೀಲು ಸವೆದುಹೋಗಿತ್ತು. ಬೆಳಿಗ್ಗೆ ತಣ್ಣಗಿರುವಾಗ ಅದರಷ್ಟು ಸಾಧು ಇನ್ನೊಂದಿಲ್ಲ. ಗಂಟೆ ಕಳೆದು ಮೈ ಬಿಸಿಯಾಯಿತೋ, ನೂರಕ್ಕೋ ಇನ್ನೂರಕ್ಕೋ ಒಮ್ಮೆ, ಒಂದೇ ತುಳಿತಕ್ಕೆ ಎರಡು ಪೆಟ್ಟು. ಎರಡನೆಯದು ಬೀಳುವ ಹೊತ್ತಿಗೆ ಮುಚ್ಚಳ ತೆಗೆಯಲು ಹೋದ ಕೈ ಒಳಗಿರುತ್ತದೆ.

ಹತ್ತಕ್ಕ ಪ್ರತಿ ಪೆಟ್ಟು ಬಿದ್ದ ಮೇಲೆ ಮನಸ್ಸಿನಲ್ಲೇ "ಒಂದು, ಎರಡು" ಎಂದು ಎಣಿಸಿ ಆಮೇಲೆ ಕೈ ಹಾಕುತ್ತಿದ್ದಳು. ದಿನಕ್ಕೆ ನಾಲ್ಕು ಸಾವಿರ ಸಲವೂ ಎಣಿಸುತ್ತಿದ್ದಳು. ಅಷ್ಟೇ ಅವಳ ವಿದ್ಯೆ. ಕ್ಲಚ್ಚು ರಿಪೇರಿ ಮಾಡಿಸಿ ಎಂದು ಅವಳು ಕೇಳದ ವರ್ಷವಿಲ್ಲ. ಮೇಸ್ತ್ರಿಯ ಉತ್ತರವೂ ಬದಲಾದ ವರ್ಷವಿಲ್ಲ. "ಯಾಕೆ? ನೀನಿದ್ದೀಯಲ್ಲ."

ಮೇಸ್ತ್ರಿ ಅಂದರೆ ಯಜಮಾನರ ಭಾವಮೈದ. ಕೊರಳಲ್ಲಿ ದಾರ ಕಟ್ಟಿದ ಸೀಟಿ ನೇತುಹಾಕಿಕೊಂಡಿರುತ್ತಿದ್ದ, ಮಾತಾಡುವ ಬದಲು ಅದನ್ನೇ ಊದುತ್ತಿದ್ದ, ಊದಿದ್ದು ಕೇಳಿಸದವರ ಬೆನ್ನಿಗೆ ಬಾರಿಸುತ್ತಿದ್ದ. ಹಾಗಾಗಿ ಅವನ ಹೆಸರೂ ಸೀಟಿಯೇ. ಅವನ ಹತ್ತು ಬೆರಳೂ ಸರಿಯಾಗಿದ್ದವು, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹತ್ತಕ್ಕ "ಒಂದು" ಎಂದಳು, ಕೈ ಹೋಗಿಬಿಟ್ಟಿತು. "ಎರಡು" ಎನ್ನುವುದನ್ನು ಮರೆತಿದ್ದಳು. ದಿಮ್ಮಿ ಎರಡನೇ ಸಲ ಬಿತ್ತು. ಕೈ ತಾನಾಗಿ ಹಿಂದಕ್ಕೆ ಬಂದಿದ್ದರಿಂದ ನಡುಬೆರಳಿನ ಉಗುರು ಅರ್ಧ ಮಾತ್ರ ಹೋಯಿತು. ಆ ಅರ್ಧ ಉಗುರು ಮುಚ್ಚಳದೊಳಗೆ ಒತ್ತಿಕೊಂಡು ಕೂತಿತ್ತು. ನೋವು ಆಮೇಲೆ ಬಂತು. ಮೊದಲು ಬಂದಿದ್ದು ಭಯ. ಐವತ್ತೆರಡು ವರ್ಷದ ಹೆಂಗಸು, ಎಣಿಕೆ ಒಮ್ಮೆ ತಪ್ಪಿದರೆ ಇನ್ನೊಮ್ಮೆಯೂ ತಪ್ಪುತ್ತದೆ ಎಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಆ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು ಸಂಜೆ ಮನೆಗೆ ಹೋದಳು.

ಮನೆಯಲ್ಲಿ ಇದ್ದಿದ್ದು ತಂಗಿ. ದಿನಾ ಸಂಜೆ ಅಕ್ಕ ಬಾಗಿಲಿಗೆ ಬಂದ ಕೂಡಲೇ ತಂಗಿ ಅಡ್ಡ ನಿಲ್ಲುತ್ತಿದ್ದಳು. ಅಕ್ಕ ಎರಡೂ ಕೈ ಚಾಚಬೇಕು. ತಂಗಿ ತನ್ನ ಬಲಗೈ ಹೆಬ್ಬೆರಳಿನಿಂದ ಒಂದೊಂದೇ ಬೆರಳು ಮುಟ್ಟಿ ಎಣಿಸುವಳು. ಹತ್ತು ಆದ ಮೇಲೆಯೇ ಒಳಗೆ ದಾರಿ. ಬಲಗೈ ಹೆಬ್ಬೆರಳೇ ಏಕೆಂದರೆ ಆ ಕೈಯಲ್ಲಿ ಅವಳಿಗೆ ಉಳಿದಿದ್ದುದು ಅದೊಂದೇ. ಉಳಿದ ನಾಲ್ಕನ್ನು ತಿಂದದ್ದು ಇದೇ ಮೂರನೇ ನಂಬರು.

ಆ ಸಂಜೆ ತಂಗಿಯ ಹೆಬ್ಬೆರಳು ಒಡೆದ ಉಗುರಿನ ಮೇಲೆ ನಿಂತಿತು.

"ಸಾಕು ಬಿಡಕ್ಕ" ಅಂದಳು.

"ಬಿಡ್ತೀನಿ. ಆದ್ರೆ ಹೇಳಿ ಬಿಡ್ತೀನಿ. ಪೇಪರ್ ತಗೋ" ಅಂದಳು ಹತ್ತಕ್ಕ.

ಗೇಟಿನ ಪಕ್ಕದ ಹಲಗೆಯ ಮೇಲೆ, ಬಣ್ಣ ಉದುರಿದ ಅಕ್ಷರದಲ್ಲಿ, ಕೆಲಸ ಬಿಡುವವರು ಮೂವತ್ತು ಕೆಲಸದ ದಿನ ಮುಂಚೆ ಬರೆದು ಕೊಡತಕ್ಕದ್ದು ಎಂದಿತ್ತು. ಅದನ್ನು ಪಾಲಿಸಿದವರು ಆ ಶೆಡ್ಡಿನ ಚರಿತ್ರೆಯಲ್ಲೇ ಒಬ್ಬರಿಲ್ಲ. ಬರೆದು ಕೊಟ್ಟವನ ಮೂವತ್ತು ದಿನವನ್ನು ಸೀಟಿ ನರಕ ಮಾಡುತ್ತಾನೆಂದು ಎಲ್ಲರಿಗೂ ಗೊತ್ತು. ಅದಕ್ಕೇ ಸಂಬಳ ಕೈಗೆ ಬಂದ ಸಂಜೆ ಎಲ್ಲರೂ ಕಂಬಿ ಕೀಳುತ್ತಿದ್ದರು.

ಕಾಗದ ಬರೆದದ್ದು ತಂಗಿ, ಎಡಗೈಯಲ್ಲಿ. ಅಕ್ಷರಗಳೆಲ್ಲ ಒಂದೇ ಕಡೆ ವಾಲಿಕೊಂಡಿದ್ದವು. ಎರಡೇ ಸಾಲು. "ಇಂದಿನಿಂದ ಮೂವತ್ತು ದಿನಕ್ಕೆ ಕೆಲಸ ಬಿಡುತ್ತೇನೆ, ನನ್ನ ಜಾಗಕ್ಕೆ ಬರುವವರನ್ನು ಕಲಿಯಲು ಕಳುಹಿಸಿ. ಮೂರನೇ ನಂಬರು ಎರಡು ಸಲ ಬೀಳುತ್ತದೆ, ಕ್ಲಚ್ಚು ರಿಪೇರಿ ಮಾಡಿಸಿ." ಕೆಳಗೆ ತಾರೀಖು, ಸಹಿ. ತಂಗಿ ಕೆಳಗಡೆ ಕಾರ್ಬನ್ ಹಾಳೆ ಇಟ್ಟು ಬರೆದಳು. ನಕಲು ಯಾತಕ್ಕೆ ಎಂದು ಅಕ್ಕ ಕೇಳಿದಾಗ, "ನನ್ನ ಕೈ ಹೋದಾಗ ನಮ್ಮ ಹತ್ರ ಒಂದು ಚೂರು ಕಾಗದ ಇರ್ಲಿಲ್ಲ" ಅಂದಳು.

ಮೊದಲ ದಿನ ಸೀಟಿ ಕಾಗದ ಓದಿದ, ಎರಡು ಮಾಡಿ ಹರಿದ, ನಾಲ್ಕು ಮಾಡಿ ಹರಿದ. ಆಮೇಲೆ ಅವಳ ಕೆನ್ನೆಗೆ ಬಾರಿಸಿದ. ಇಪ್ಪತ್ತೆರಡು ವರ್ಷದಲ್ಲಿ ಅವಳ ಮೇಲೆ ಕೈ ಎತ್ತಿರಲಿಲ್ಲ. ಅವಳ ಬಾಯಿಗೆ ಹೆದರಿ ಅಂತಲ್ಲ. ದಿನಕ್ಕೆ ನಾಲ್ಕು ಸಾವಿರ ಮುಚ್ಚಳಕ್ಕೆ ಹೆದರಿ.

"ಅನ್ನ ಹಾಕಿದ ಜಾಗಕ್ಕೆ ಬೆನ್ನು ತೋರಿಸ್ತೀಯಾ?"

"ಬೆನ್ನು ತೋರ್ಸಿದ್ರೆ ಹೇಳದೇ ಹೋಗ್ತಿದ್ದೆ. ಮುಖ ತೋರ್ಸಿ ಹೇಳ್ತಿದ್ದೀನಿ" ಅಂದಳು ಹತ್ತಕ್ಕ. ಕೆನ್ನೆ ಉರಿಯುತ್ತಿತ್ತು. ಹೋಗಿ ಪ್ರೆಸ್ಸಿನ ಮುಂದೆ ಕೂತಳು.

ಮರುದಿನ ಇನ್ನೊಂದು ಕಾಗದ ತಂದಳು. ಅದೇ ಎರಡು ಸಾಲು, ಮೂವತ್ತರ ಜಾಗದಲ್ಲಿ ಇಪ್ಪತ್ತೊಂಬತ್ತು. ಅವನು ಅದನ್ನೂ ಹರಿದ. ಮೂರನೇ ದಿನ ಇಪ್ಪತ್ತೆಂಟು. ಹೀಗೆ ಶುರುವಾಯಿತು. ಐದನೇ ದಿನ ಅವನು ಕೈಯಲ್ಲಿದ್ದ ಬಿಸಿ ಟೀಯನ್ನು ಅವಳ ಮಡಿಲಿಗೆ ಚೆಲ್ಲಿದ. ತೊಡೆಯ ಮೇಲೆ ಅಂಗೈಯಗಲ ಬೊಬ್ಬೆ ಎದ್ದಿತು. ಏಳನೇ ದಿನ ಅವಳು ಕೂರುವ ಸ್ಟೂಲನ್ನು ಒದ್ದು ಮುರಿದ, ಅಂದಿನಿಂದ ಅವಳು ನಿಂತೇ ಕೆಲಸ ಮಾಡಿದಳು. ಒಂಬತ್ತನೇ ದಿನ ಸೇರು ಭಾರದ ಅಚ್ಚಿನ ತುಂಡೊಂದನ್ನು ಎಸೆದ. ಮೊಣಕಾಲಿನ ಕೆಳಗೆ ಮೂಳೆಗೆ ತಗುಲಿ ರಕ್ತ ಚಪ್ಪಲಿಯೊಳಗೆ ಇಳಿಯಿತು. ಆವತ್ತೂ ಸಂಜೆ ತಂಗಿ ಬಾಗಿಲಲ್ಲಿ ಬೆರಳು ಎಣಿಸಿದಳು, ಆಮೇಲೆ ಕಾಲು ನೋಡಿದಳು, ಆಮೇಲೆ ಕೂತು ಇಪ್ಪತ್ತೊಂದು ಎಂದು ಬರೆದಳು.

ಆರೂವರೆಗೆ ಇದನ್ನು ನೋಡಲಾಗಲಿಲ್ಲ. ಎಲುಬಿನ ಗೂಡಿನಂಥ ಮನುಷ್ಯ, ಬಾಯಿ ಮಾತ್ರ ಎರಡಾಳಿನದು.

"ಅಕ್ಕಾ, ನಿಂಗೆ ಕೈಮುಗಿತೀನಿ, ಕಂಬಿ ಕೀಳು. ಊಟದ ಹೊತ್ತಲ್ಲಿ ಗೇಟು ದಾಟು, ಅಷ್ಟೇ. ಇವನು ನಿನ್ನ ಹುಡುಕ್ಕೊಂಡು ಬರ್ತಾನಾ? ಮೂವತ್ತು ದಿನ ಅಂತ ಯಾವನೋ ಹಲಗೆ ಮೇಲೆ ಗೀಚಿದ್ದಕ್ಕೆ ಸಾಯ್ತೀಯಾ?"

"ಹಲಗೆಗಲ್ಲವೋ" ಅಂದಳು ಹತ್ತಕ್ಕ. "ಆ ಓಡಿಹೋದವಳ ಕಥೆ ನಿಂಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಆಗ ಅವನು ಇನ್ನೂ ಹತ್ತು ಬೆರಳು ಇಟ್ಟುಕೊಂಡು ಬೇರೆಲ್ಲೋ ಇದ್ದ. ಅವಳು ಹೇಳಿದಳು. ಇಪ್ಪತ್ತೆರಡು ವರ್ಷದ ಹಿಂದೆ ಮೂರನೇ ನಂಬರಿನಲ್ಲಿ ಇನ್ನೊಬ್ಬಳು ಇದ್ದಳು. ಎರಡು ಪೆಟ್ಟಿನ ಗುಟ್ಟು ಅವಳಿಗೂ ಗೊತ್ತಿತ್ತು, ಅವಳೂ ಎಣಿಸುತ್ತಿದ್ದಳು. ಒಂದು ಸಂಬಳದ ಸಂಜೆ ಯಾರಿಗೂ ಏನೂ ಹೇಳದೆ ಗಂಟುಮೂಟೆ ಕಟ್ಟಿದಳು. ಮರುದಿನ ಬೆಳಿಗ್ಗೆ ಸೀಟಿ ಗೇಟಿನ ಹತ್ತಿರ ಕೆಲಸ ಕೇಳಿಕೊಂಡು ನಿಂತಿದ್ದವರಲ್ಲಿ ಒಬ್ಬಳನ್ನು ಕರೆದು ಕೂರಿಸಿದ. ಪೆಡಲ್ ತುಳಿ, ತೆಗಿ, ಇಡು, ಅಷ್ಟೇ ಅಂದ. ಹತ್ತು ಗಂಟೆಯವರೆಗೆ ಯಂತ್ರ ತಣ್ಣಗಿತ್ತು. ಹತ್ತೂ ಹತ್ತಕ್ಕೆ ಅವಳ ನಾಲ್ಕು ಬೆರಳು ಮುಚ್ಚಳದ ಜೊತೆ ಒತ್ತಿಹೋದವು.

"ಅವಳೇ ನನ್ನ ತಂಗಿ. ಹತ್ತೊಂಬತ್ತು ವರ್ಷ" ಅಂದಳು ಹತ್ತಕ್ಕ. "ಮಾರನೇ ವಾರ ನಾನೇ ಬಂದು ಅದರ ಮುಂದೆ ಕೂತೆ. ಮನೇಲಿ ಒಲೆ ಹತ್ತಬೇಕಿತ್ತು, ಅದೂ ನಿಜ. ಆದ್ರೆ ಅದಕ್ಕಿಂತ ಜಾಸ್ತಿ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಈ ಮೆಷಿನ್ನು ನನ್ನ ಬೆರಳು ಹೇಗೆ ತಿನ್ನುತ್ತೋ ನೋಡೇಬಿಡ್ತೀನಿ ಅಂತ. ಸೀಟಿ ಮೇಲೆ ನಂಗೆ ಸಿಟ್ಟಿದೆ. ಆದ್ರೆ ಆ ಓಡಿಹೋದವಳ ಮೇಲಿರೋ ಸಿಟ್ಟಿದೆಯಲ್ಲ, ಅವಳು ಇವತ್ತು ಸಿಕ್ಕರೂ ಚರ್ಮ ಸುಲಿದುಬಿಡ್ತೀನಿ. ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು ಕಣೋ. 'ಎರಡು ಎಣಿಸಿ ಕೈ ಹಾಕು' ಅಂತ. ಅಷ್ಟು ಹೇಳೋಕೆ ಅವಳ ಬಾಯಿ ಸೇದಿಹೋಗಿತ್ತಾ?"

ಆರೂವರೆ ಎದ್ದು ತನ್ನ ಜಾಗಕ್ಕೆ ಹೋದ.

ಅವಳ ಈ ಹಟವೇ ಸೀಟಿಯ ಕೈಗೆ ಸಿಕ್ಕ ಜುಟ್ಟು. ಕಲಿಸದೆ ಇವಳು ಹೋಗುವವಳಲ್ಲ ಎಂದು ಅವನಿಗೆ ಅರ್ಥವಾಗಿತ್ತು. ಆದ್ದರಿಂದ ಕಲಿಯುವವರನ್ನೇ ಕಳುಹಿಸಲಿಲ್ಲ. "ನೋಡ್ತಿರಿ, ಮೂವತ್ತಲ್ಲ, ಮುನ್ನೂರು ಕಾಗದ ಕೊಟ್ರೂ ಇಲ್ಲೇ ಬಿದ್ದಿರ್ತಾಳೆ" ಎಂದು ಎಲ್ಲರ ಮುಂದೆ ನಗುತ್ತಿದ್ದ. ಹತ್ತು ಕಳೆಯಿತು, ಹದಿನೈದು ಕಳೆಯಿತು, ಅವಳ ಪಕ್ಕದಲ್ಲಿ ಒಂದು ನರಪಿಳ್ಳೆಯೂ ಬಂದು ನಿಲ್ಲಲಿಲ್ಲ.

ಹದಿನಾರನೇ ದಿನ ಅವಳಿಗೂ ಪಿತ್ತ ನೆತ್ತಿಗೇರಿತು. ಕಾಗದ ಕೊಟ್ಟಳು, ಅವನು ಅದರಲ್ಲಿ ಮೂಗು ಒರೆಸಿ ಅವಳ ಮುಖಕ್ಕೆ ಎಸೆದ. ಅವಳು ಅವನ ಕೊರಳಿನ ಸೀಟಿಯ ದಾರಕ್ಕೆ ಕೈ ಹಾಕಿ ಒಂದು ಸುತ್ತು ತಿರುವಿದಳು. ಅವನು ಅವಳ ಜುಟ್ಟು ಹಿಡಿದ. ಇಬ್ಬರೂ ತಗಡಿನ ರಾಶಿಯ ಮೇಲೆ ಬಿದ್ದರು. ಅವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು, ಅವಳ ತಲೆಯಿಂದ ಹಿಡಿಯಷ್ಟು ಕೂದಲು ಬುಡಸಮೇತ ಬಂತು. ತಗಡಿನ ಅಂಚು ಇಬ್ಬರ ತೋಳನ್ನೂ ಸೀಳಿತು. ಬಿಡಿಸಲು ಹೋದ ಆರೂವರೆಯ ಬಾಯಿಗೆ ಸೀಟಿಯ ಮೊಣಕೈ ಬಿದ್ದು ಮುಂದಿನ ಹಲ್ಲೊಂದು ಹಾರಿಹೋಯಿತು. ಕೊನೆಗೆ ದಾರ ಕಿತ್ತುಬಂದಿದ್ದರಿಂದ ಅವನು ಬದುಕಿದ. ಅವನು ಸಾಯಲಿಲ್ಲವೆಂದು ಅವಳಿಗೆ ಸಮಾಧಾನವಾಗಲಿಲ್ಲ. ನಾನು ಸುಳ್ಳು ಯಾಕೆ ಹೇಳಲಿ.

"ಕಳ್ಸಲ್ವಾ ಒಬ್ಬರನ್ನ?" ಎಂದು ಏದುಸಿರಿನಲ್ಲೇ ಕೇಳಿದಳು.

"ಕಳ್ಸಲ್ಲ. ಏನ್ ಮಾಡ್ತೀಯಾ?"

ಮರುದಿನ ಹದಿನಾಲ್ಕು ಎಂಬ ಕಾಗದ ತಂದಳು. ಸೀಟಿ ಹೊಸ ದಾರ ಕಟ್ಟಿಕೊಂಡು ಬಂದಿದ್ದ.

ಇಪ್ಪತ್ತೈದನೇ ದಿನ ಒಬ್ಬಳು ಬಂದಳು. ಸೀಟಿ ಮನಸ್ಸು ಬದಲಿಸಿದ್ದಲ್ಲ. ದೊಡ್ಡ ಆರ್ಡರೊಂದು ಬಂದು ಕೈಗಳು ಸಾಲದಾಗಿದ್ದವು. ಮೂವತ್ತರ ಹೆಂಗಸು, ಸೊಪ್ಪು ತರಕಾರಿ ಬಿಡಿಸುವ ಕಡೆ ಕೆಲಸ ಮಾಡಿದವಳಂತೆ, ಕೈ ಬಲು ಚುರುಕು. ಮಾತಿಗೊಂದು ಸಲ ನಗುವ ಚಾಳಿ. ಶೆಡ್ಡಿನವರು ಇನ್ನೂ ಹೆಸರಿಟ್ಟಿರಲಿಲ್ಲ, ಹೊಸಬಳು ಅನ್ನುತ್ತಿದ್ದರು. ಅವಳಿಗೆ ಹೆಸರು ಯಾವಾಗ ಬರುತ್ತದೋ ಎಂದು ಹತ್ತಕ್ಕ ಮೊದಲು ಅವಳ ಕೈಗಳನ್ನೇ ನೋಡಿದಳು.

ಹತ್ತಕ್ಕ ಅವಳ ಹಿಂದೆ ನಿಂತು ಕಲಿಸಿದಳು. ಸೌಮ್ಯವಾಗಿ ಕಲಿಸಿದಳೆಂದು ನಾನು ಹೇಳಲಾರೆ. ಎಣಿಕೆ ತಪ್ಪಿದಾಗಲೆಲ್ಲ ತಗಡಿನ ಪಟ್ಟಿಯಿಂದ ಮಣಿಕಟ್ಟಿನ ಮೇಲೆ ಹೊಡೆಯುತ್ತಿದ್ದಳು. ಮೊದಲ ದಿನ ಮುಗಿಯುವಾಗ ಹೊಸಬಳ ಎರಡೂ ಮಣಿಕಟ್ಟು ಬಾತುಕೊಂಡಿದ್ದವು.

"ಅಯ್ಯೋ, ಮೆಷಿನ್ನಿಗಿಂತ ನೀನೇ ಜೋರಾಗಿ ಹೊಡಿತೀಯಲ್ಲಕ್ಕ!"

"ನಾನು ಹೊಡೆದ್ರೆ ಊದುತ್ತೆ. ಅದು ಹೊಡೆದ್ರೆ ಇರೋದೇ ಇಲ್ಲ. ಎಣಿಸು."

ಹೊಸಬಳು ಕಲಿತಳು. ಮೂರೇ ದಿನಕ್ಕೆ ಅವಳ ತುಟಿ ತಾನಾಗಿ "ಒಂದು, ಎರಡು" ಎಂದು ಆಡತೊಡಗಿತು. ಆ ಸಂಜೆ ಹತ್ತಕ್ಕ ಮನೆಯಲ್ಲಿ ಕೂತು ಎರಡು ಸಲ ಬಡಿಸಿಕೊಂಡು ಉಂಡಳು. ಇನ್ನು ಮೂರು ದಿನ, ಆಮೇಲೆ ತಾನು ಕೈ ತೊಳೆದುಕೊಂಡ ಹಾಗೆ ಎಂದುಕೊಂಡಳು. ಆ ಓಡಿಹೋದವಳ ಹಾಗಲ್ಲ, ಸರಿಯಾಗಿ ಹೇಳಿ, ಸರಿಯಾಗಿ ಕಲಿಸಿ.

ಇಪ್ಪತ್ತೊಂಬತ್ತನೇ ದಿನ ಮಧ್ಯಾಹ್ನ ಸೀಟಿ ಗಡಿಯಾರ ಹಿಡಿದು ಹೊಸಬಳ ಪಕ್ಕ ನಿಂತ. "ಮುಚ್ಚಳಕ್ಕೆ ಮುಚ್ಚಳಕ್ಕೆ ಅದೇನು ಮಣಮಣ? ಬೇಗ! ಬೇಗ!" ಎಂದು ಸೀಟಿ ಊದಿದ. ಹೊಸಬಳು ನಕ್ಕಳು, ತುಟಿ ನಿಲ್ಲಿಸಿದಳು, ಕೈ ಓಡಿಸಿದಳು. ಹತ್ತಕ್ಕ ತಗಡಿನ ಕಟ್ಟು ತರಲು ಹೋಗಿದ್ದಳು. ಧೊಪ್ಪ್ ಎಂಬ ಸದ್ದಿನ ಹಿಂದೆಯೇ ಇನ್ನೊಂದು ಧೊಪ್ಪ್ ಕೇಳಿಸಿತು. ಕೈಯಲ್ಲಿದ್ದುದನ್ನು ಅಲ್ಲೇ ಬಿಸಾಕಿ ಓಡಿಬಂದಳು.

ಹೊಸಬಳ ಅಂಗಿಯ ತೋಳು ಅಚ್ಚಿನೊಳಗೆ ಸಿಕ್ಕಿ ಮೊಣಕೈವರೆಗೆ ಹರಿದಿತ್ತು. ಗುಂಡಿ ಪುಡಿಪುಡಿಯಾಗಿತ್ತು. ಬೆರಳು ಐದೂ ಇದ್ದವು. ಹತ್ತಕ್ಕ ಆ ಕೈ ಕಿತ್ತುಕೊಂಡು ಎರಡು ಸಲ ಎಣಿಸಿದಳು.

"ಏನೂ ಆಗ್ಲಿಲ್ಲ ಬಿಡಕ್ಕ" ಎಂದು ಹೊಸಬಳು ನಕ್ಕಳು.

ಹತ್ತಕ್ಕ ಅವಳ ಕೆನ್ನೆಗೆ ಬಾರಿಸಿದ ಸದ್ದಿಗೆ ಆಚೆ ಪ್ರೆಸ್ಸಿನ ಏಳು ಕೂಡ ತುಳಿಯುವುದನ್ನು ನಿಲ್ಲಿಸಿದ. ಹೊಸಬಳ ತುಟಿ ಒಡೆದು ರಕ್ತ ಬಂತು. ಆಗ ಅವಳು ಮೊದಲ ಸಲ ಅತ್ತಳು.

ಹತ್ತಕ್ಕ ಸೀಟಿಯ ಕಡೆ ತಿರುಗಿದಳು. "ಕ್ಲಚ್ಚು ರಿಪೇರಿ ಮಾಡ್ಸಿ. ಇವತ್ತೇ."

ಸೀಟಿ ಗಡಿಯಾರ ಜೇಬಿಗಿಟ್ಟುಕೊಂಡ. "ಯಾಕೆ? ಇವಳಿದ್ದಾಳಲ್ಲ. ನೀನೇ ಕಲಿಸಿದ್ದೀಯಲ್ಲ."

ಆ ಮಾತು ಅವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಪ್ಪತ್ತೆರಡು ವರ್ಷ ಕೇಳಿದ ಮಾತೇ, ಆದರೆ ಈಗ "ನೀನು" ಇದ್ದ ಜಾಗದಲ್ಲಿ "ಇವಳು" ಬಂದು ಕೂತಿದ್ದಳು. ತಾನು ಎಣಿಸಿದ್ದರಿಂದಲೇ ಕ್ಲಚ್ಚು ರಿಪೇರಿಯಾಗಲಿಲ್ಲ. ತನ್ನ ಹತ್ತು ಬೆರಳು ತೋರಿಸಿಯೇ ಈ ಯಂತ್ರಕ್ಕೆ ಏನೂ ಆಗಿಲ್ಲ ಎಂದು ಇವರು ಹೇಳಿಕೊಂಡು ಬಂದರು. ಈಗ ಆ ಎಣಿಕೆಯನ್ನು ಇನ್ನೊಬ್ಬಳ ತಲೆಗೆ ಕಟ್ಟಿ, ಸರಿಯಾಗಿ ಹೇಳಿ ಹೋದೆ ಎಂದು ಎದೆ ತಟ್ಟಿಕೊಳ್ಳಲು ಹೊರಟಿದ್ದಳು. ಎಣಿಕೆ ಎಲ್ಲರಿಗೂ ಒಂದು ದಿನ ತಪ್ಪುತ್ತದೆ. ಇಪ್ಪತ್ತೆರಡು ವರ್ಷ ಎಣಿಸಿದ ತನಗೇ ತಪ್ಪಿತ್ತು. ಓಡಿಹೋದವಳಿಗೂ ತನಗೂ ಏನು ವ್ಯತ್ಯಾಸ? ಅವಳು ಹೇಳದೆ ಹೋದಳು, ತಾನು ಹೇಳಿ ಹೋಗುತ್ತಿದ್ದೇನೆ, ಯಂತ್ರ ಮಾತ್ರ ಹಾಗೇ ಇದೆ.

ಆ ಸಂಜೆ ಬಾಗಿಲಲ್ಲಿ ಬೆರಳೆಣಿಕೆ ಮುಗಿದ ಮೇಲೆ ಅಕ್ಕ ಕೊನೆಯ ಕಾಗದಕ್ಕೆ ಸಾಲು ಹೇಳಿದಳು. "ಇಂದಿಗೆ ಮೂವತ್ತು ದಿನ ಮುಗಿಯಿತು. ಮೂರನೇ ನಂಬರನ್ನು ಯಾರ ಕೈಗೂ ಒಪ್ಪಿಸುವುದಿಲ್ಲ."

ತಂಗಿ ಪೆನ್ನು ನಿಲ್ಲಿಸಿದಳು. "ಅಂದ್ರೆ?"

ಅಕ್ಕ ಹೇಳಿದಳು. ತಂಗಿ ಬೇಡ ಎನ್ನುತ್ತಾಳೆಂದು ಕಾದಳು.

"ನನ್ನ ಪಾಲಿಂದೂ ಒಂದು ಹೊಡಿ" ಅಂದಳು ತಂಗಿ. ಆಮೇಲೆ ಕಾರ್ಬನ್ ಸರಿಮಾಡಿಕೊಂಡು ಬರೆದಳು.

ಮೂವತ್ತನೇ ದಿನ ಹತ್ತಕ್ಕ ಎಂದಿನ ಹೊತ್ತಿಗೆ ಬಂದಳು, ಕಾಗದ ಕೊಟ್ಟಳು. ಸೀಟಿ ಓದದೆಯೇ ಹರಿದ; ಓದಿದ್ದರೆ ಚೆನ್ನಾಗಿತ್ತು. ಅವಳು ನೇರ ಗೋಡೆಯ ಹತ್ತಿರ ಹೋಗಿ ದೊಡ್ಡ ಸ್ವಿಚ್ಚು ಕೆಳಗೆಳೆದಳು. ಶೆಡ್ಡಿನ ಎಲ್ಲ ಯಂತ್ರಗಳೂ ನಿಂತವು. ಅಷ್ಟು ಹೊತ್ತು ಗದ್ದಲದಲ್ಲಿ ಕಿರುಚಿ ಮಾತಾಡುತ್ತಿದ್ದವರು ತಮ್ಮ ದನಿ ಕೇಳಿ ತಾವೇ ಬೆಚ್ಚಿದರು. ಹೊಸಬಳು ಮೂರನೇ ನಂಬರಿನ ಮುಂದೆ ನಿಂತಿದ್ದಳು. ಹತ್ತಕ್ಕ ಅವಳನ್ನು ರಟ್ಟೆ ಹಿಡಿದು ಪಕ್ಕಕ್ಕೆ ತಳ್ಳಿ, ಮೂಲೆಯಲ್ಲಿದ್ದ ಸಮ್ಮಟಿಗೆ ಎತ್ತಿಕೊಂಡಳು.

ಮೊದಲ ಏಟಿಗೆ ಪೆಡಲಿನ ಕಂಬಿ ಬಾಗಿತು. ಎರಡನೇ ಏಟು ಜಾರಿ ಕಿಡಿ ಹಾರಿತು. ಮೂರನೆಯದನ್ನು ತಲೆಯ ಮೇಲಿನಿಂದ ತಂದು ಕ್ಲಚ್ಚಿನ ಎರಕದ ಗೂಡಿಗೆ ಕೊಟ್ಟಳು, ಅದು ಬಿರುಕುಬಿಟ್ಟಿತು. ನಾಲ್ಕು, ಐದು, ಆರು. ಪ್ರತಿ ಏಟಿಗೂ ಹೊಟ್ಟೆಯ ಆಳದಿಂದ ಒಂದು ಕೂಗು ಬರುತ್ತಿತ್ತು, ಅದು ತನ್ನದೇ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಗೂಡು ಒಡೆದು ಚೂರಾಗಿ ಬಿತ್ತು. ಒಳಗೆ ಆ ಕೀಲು ಕಾಣಿಸಿತು, ಸವೆದು ಬೆಣ್ಣೆಯಷ್ಟು ನುಣುಪಾಗಿತ್ತು, ಕಿರುಬೆರಳಿನಷ್ಟು ಉದ್ದ. ಇಷ್ಟೇನಾ ಎಂದುಕೊಂಡಳು.

"ಇದು ತಂಗಿ ಪಾಲಿಂದು" ಎಂದು ಏಳನೆಯದನ್ನು ಹೊಡೆದಳು. ಕೀಲು ಎರಡು ತುಂಡಾಯಿತು.

ಅಷ್ಟರಲ್ಲಿ ಸೀಟಿ ಕಬ್ಬಿಣದ ಸಲಾಕೆ ಹಿಡಿದು ಬಂದಿದ್ದ. ಮೊದಲ ಏಟು ಅವಳ ಭುಜಕ್ಕೆ ಬಿತ್ತು, ಸಮ್ಮಟಿಗೆ ಕೈಜಾರಿತು. ಬೀಳದಿರಲು ಅವಳು ಎಡಗೈಯನ್ನು ಪ್ರೆಸ್ಸಿನ ಮೇಲೆ ಊರಿದಳು. ಎರಡನೇ ಏಟು ಆ ಕೈಯ ಮೇಲೆ. ಉಂಗುರದ ಬೆರಳು, ಕಿರುಬೆರಳು ಎರಡೂ ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಮೂರನೇ ಏಟಿಗೆ ಸಲಾಕೆ ಎತ್ತಿದಾಗ ಒಂಬತ್ತು, ಏಳು, ಆರೂವರೆ ಮೂವರೂ ಅವನ ಮೇಲೆ ಬಿದ್ದರು. ಒಟ್ಟು ಇಪ್ಪತ್ತೆರಡೂವರೆ ಬೆರಳು, ಅಷ್ಟು ಸಾಕಾಯಿತು. ಆರೂವರೆ ತನ್ನ ಹೋದ ಹಲ್ಲಿನ ಲೆಕ್ಕವನ್ನು ಆವತ್ತೇ ಚುಕ್ತಾ ಮಾಡಿದ, ಸೀಟಿಯ ಬಾಯಿಂದ ಮೂರು ಹಲ್ಲು ನೆಲಕ್ಕೆ ಬಿದ್ದವು. ಹೊಸಬಳು ಅವನ ಕೊರಳಿಂದ ಸೀಟಿ ಕಿತ್ತು ಕಾಲಲ್ಲಿ ಹೊಸಕಿದಳು.

ಯಾರೋ ಫೋನು ಮಾಡಿದ್ದರಿಂದ ಯಜಮಾನರು ಬಂದರು. ವಯಸ್ಸಾದವರು, ಇಸ್ತ್ರಿ ಅಂಗಿ, ವರ್ಷಕ್ಕೆರಡು ಸಲ ಶೆಡ್ಡಿಗೆ ಬರುವವರು. ಒಡೆದ ಯಂತ್ರ ನೋಡಿದರು, ರಕ್ತ ಸುರಿಸುತ್ತ ಕೂತ ಭಾವಮೈದನನ್ನು ನೋಡಿದರು.

"ಪೊಲೀಸರನ್ನ ಕರಿತೀನಿ. ಕೆಲಸ ಬಿಡೋದಾದ್ರೆ ಮುಂಚೆ ಹೇಳ್ಬೇಕಮ್ಮ. ಮೆಷಿನ್ನಲ್ಲಿ ದೋಷ ಇದ್ರೆ ಹೇಳ್ಬೇಕು. ಹೇಳದೆ ಕೇಳದೆ ಹೀಗಾ ಮಾಡೋದು?"

ಹತ್ತಕ್ಕ ನೆಲದ ಮೇಲೆ ಕೂತಿದ್ದಳು, ಎಡಗೈ ಮಡಿಲಲ್ಲಿತ್ತು. ಬಲಗೈಯಿಂದ ಊಟದ ಚೀಲ ಎಳೆದು ಒಂದು ಕಟ್ಟು ಕಾಗದ ತೆಗೆದಳು. ಅದರ ಮೇಲೆ, ಅರ್ಧ ಉಗುರು ಒತ್ತಿಕೊಂಡಿದ್ದ ಮುಚ್ಚಳವನ್ನೂ ಇಟ್ಟಳು.

"ನಕಲು. ಮೂವತ್ತಿದೆ. ಪೊಲೀಸ್ರು ಬಂದ್ರೆ ಅವರಿಗೂ ಓದೋಕೆ ಕೊಡಿ" ಅಂದಳು.

ಯಜಮಾನರು ಮೊದಲನೆಯದನ್ನು ಓದಿದರು. ಎರಡನೆಯದನ್ನು ಓದಿದರು. ಹತ್ತನೆಯದರ ಹತ್ತಿರ ಬರುವಾಗ ಹಾಳೆ ತಿರುವುವ ಕೈ ನಿಧಾನವಾಯಿತು. ಪ್ರತಿಯೊಂದರಲ್ಲೂ ತಾರೀಖು, ಸಹಿ, ಎರಡು ಸಲ ಬೀಳುತ್ತದೆ ಎಂಬ ಸಾಲು. ಮೂವತ್ತನೆಯದರಲ್ಲಿ ಮಾತ್ರ ಆ ಸಾಲಿನ ಜಾಗದಲ್ಲಿ ಬೇರೆ ಸಾಲಿತ್ತು. ಅವರು ತಲೆಯೆತ್ತಿ ಸುತ್ತ ನಿಂತವರ ಕೈಗಳನ್ನು ನೋಡಿದರು, ಬಹುಶಃ ಮೊದಲ ಸಲ. ಮುಚ್ಚಳವನ್ನು ಮಾತ್ರ ಮುಟ್ಟಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡು, ಗೇಟು ತೆಗೀರಿ ಅಂದರು.

ಹೊಸಬಳು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೂಳೆ ಕೂಡಿಸಿ ಪಟ್ಟಿ ಕಟ್ಟಿದ ಡಾಕ್ಟರು, ಬೆರಳು ಉಳಿಯುತ್ತವೆ, ಆದರೆ ಇನ್ನು ನೆಟ್ಟಗಾಗುವುದಿಲ್ಲ ಅಂದರು. ಉಳಿಯುತ್ತವೆ ಎಂಬ ಮಾತು ಬಿಟ್ಟು ಉಳಿದದ್ದು ಹತ್ತಕ್ಕನಿಗೆ ಕೇಳಿಸಲೇ ಇಲ್ಲ.

ಸಂಜೆ ತಂಗಿ ಬಾಗಿಲಲ್ಲಿ ನಿಂತಿದ್ದಳು. ಅಕ್ಕನ ಕೈಯ ಬಿಳಿ ಪಟ್ಟಿ ನೋಡಿದಳು. ಆದರೂ ಅಡ್ಡ ನಿಂತಳು, ಅಕ್ಕ ಎರಡೂ ಕೈ ಚಾಚಿದಳು. ಬಲಗೈಯ ಐದು ಮುಗಿಯಿತು. ಎಡಗೈಯಲ್ಲಿ ಆರು, ಏಳು, ಎಂಟು. ಪಟ್ಟಿಯ ಮೇಲೆ ಹೆಬ್ಬೆರಳು ಮೆಲ್ಲಗೆ ಒತ್ತಿ ಒಳಗಿರುವುದನ್ನು ಹುಡುಕಿದಳು. ಅಕ್ಕ ನೋವಿಗೆ ಹಲ್ಲು ಕಚ್ಚಿದಳು.

"ಒಂಬತ್ತು" ಅಂದಳು ತಂಗಿ. "ಹತ್ತು."

ಆದರೂ ದಾರಿ ಬಿಡಲಿಲ್ಲ.

"ಆ ಹೊಸಬಳದ್ದು?"

"ಬಸ್ ಸ್ಟಾಪಲ್ಲಿ ನಿಲ್ಲಿಸಿ ಎಣಿಸ್ದೆ" ಅಂದಳು ಅಕ್ಕ. "ಹತ್ತಿತ್ತು."

ತಂಗಿ ಆ ಒಂದೇ ಹೆಬ್ಬೆರಳಿನ ಕೈಯಿಂದ ಅಕ್ಕನ ಅಂಗಿ ಹಿಡಿದುಕೊಂಡು, ಹೊಸ್ತಿಲ ಮೇಲೇ ಕುಸಿದು ಕೂತು, ಇಪ್ಪತ್ತೆರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಅಳದೆ ಇದ್ದುದನ್ನೆಲ್ಲ ಆವತ್ತು ಅತ್ತಳು.